ಹರಿಗೋಲಿಗೊಂದು ಮೋಟಾರು

ನನ್ನ ಮೇಜಿನ ಮೇಲಿರುವ ಪೆನ್ನಿನ ಡಬ್ಬಿಯಲ್ಲಿ ಎರಡು ಪೆನ್ನು, ಒಂದು ಕೆಂಪು ಪೆನ್ಸಿಲ್ಲು, ಹಲ್ಲು ಮುರಿದ ಬಾಚಣಿಗೆ, ಇವುಗಳ ಜೊತೆಗೆ ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಕರಿ ತುಂಡು ಇದೆ. ಮನೆಗೆ ಬಂದವರು ಇದ್ದಿಲು ಎಂದುಕೊಳ್ಳುತ್ತಾರೆ. ನನ್ನ ಹೆಂಡತಿ ಅದನ್ನು ಎರಡು ಸಲ ಎಸೆದಿದ್ದಾಳೆ. ಎರಡು ಸಲವೂ ನಾನು ಕಸದ ಬುಟ್ಟಿಯಿಂದ ಹೆಕ್ಕಿ ತಂದಿದ್ದೇನೆ. ಅದು ಇದ್ದಿಲಲ್ಲ. ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಒತ್ತಿಕೊಂಡು ಕೂತು ವಿದ್ಯುತ್ತನ್ನು ಒಳಕ್ಕೆ ದಾಟಿಸುವ ಕಾರ್ಬನ್ ತುಂಡು. ಮೆಕ್ಯಾನಿಕ್ಕುಗಳು ಅದಕ್ಕೆ ಬ್ರಷ್ಷು ಎನ್ನುತ್ತಾರೆ, ಕೂದಲು ಒಂದೂ ಇಲ್ಲದಿದ್ದರೂ.

ಉತ್ತರಪತ್ರಿಕೆ ತಿದ್ದುವಾಗ ನನ್ನ ಎಡಗೈ ಸುಮ್ಮನಿರುವುದಿಲ್ಲ. ಡಬ್ಬಿಗೆ ಹೋಗುತ್ತದೆ, ಬ್ರಷ್ಷನ್ನು ಹೊರಳಿಸುತ್ತದೆ, ಆಮೇಲೆ ಮೂಗು ಒರೆಸಿಕೊಳ್ಳುತ್ತದೆ. ಮೂಗಿನ ತುದಿಯಲ್ಲಿ ಮಸಿ ಇಟ್ಟುಕೊಂಡು ಕ್ಲಾಸಿಗೆ ಹೋದ ದಿನ ಹುಡುಗರು ನಗುತ್ತಾರೆ. ಅವರು ನಕ್ಕ ನೆಪದಲ್ಲಿ ನಾನು ಆ ಕಥೆ ಹೇಳುತ್ತೇನೆ. ವರ್ಷಕ್ಕೊಂದು ಬ್ಯಾಚಿನಂತೆ ಏಳೆಂಟು ಬ್ಯಾಚಿಗೆ ಹೇಳಿದ್ದೇನೆ. ಒಬ್ಬ ಮೀನುಗಾರನ ಹರಿಗೋಲಿಗೆ ಎಂಥ ಮೋಟಾರು ಹಾಕಬೇಕು ಎಂಬ ಪ್ರಶ್ನೆ ಬಂತು. ಶಿವಮೊಗ್ಗದ ಒಬ್ಬ ಮೆಕ್ಯಾನಿಕ್ಕು ಲಾರಿಯ ಸ್ಟಾರ್ಟರು ಮೋಟಾರನ್ನು ಆರಿಸಿದ, ಅದು ಸುಟ್ಟು ಹೋಯಿತು. ಆಗ ನಾನು, ನಿಮ್ಮ ಎದುರಿಗಿರುವ ಈ ಮನುಷ್ಯ, ಡೈನಮೋ ಆರಿಸಿದೆ, ಅದು ಓಡಿತು. ಈ ಬ್ರಷ್ಷು ಆ ಸುಟ್ಟ ಸ್ಟಾರ್ಟರಿನ ಹೊಟ್ಟೆಯಿಂದ ತೆಗೆದದ್ದು. ಆದ್ದರಿಂದ ಮಕ್ಕಳೇ, ತತ್ವ ತಿಳಿಯದೆ ಕೈಹಾಕಬೇಡಿ.

ಕಥೆ ಚೆನ್ನಾಗಿದೆ. ಚೆನ್ನಾಗಿರುವುದೇ ಈಗ ನನ್ನ ತೊಂದರೆ. ನನಗೆ ನಡೆದ ಯಾವ ಸಂಗತಿಯೂ ಇಷ್ಟು ಅಚ್ಚುಕಟ್ಟಾಗಿ ನಡೆದಿಲ್ಲ. ನನ್ನ ಮದುವೆಯ ದಿನ ಪೇಟ ನನ್ನ ತಲೆಗಿಂತ ಎರಡಂಗುಲ ದೊಡ್ಡದಿತ್ತು.

ಬಿ.ಎಸ್ಸಿ. ಮುಗಿಸಿ ಮೈಸೂರಿನಿಂದ ಬಂದವನು ಒಂದು ವರ್ಷ ಭದ್ರಾವತಿಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಅಪ್ಪ ಕಾರ್ಖಾನೆಯಲ್ಲಿ ಗುಮಾಸ್ತರು. ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಕಾರ್ಖಾನೆಯ ಸೈರನ್ನು ಕೂಗಿದಾಗಲೆಲ್ಲ ಎದ್ದು ನಿಲ್ಲುವುದು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಕೂರುವುದು. ಕೂತರೆ ಕಾಲು ಅಲ್ಲಾಡಿಸುತ್ತಿದ್ದೆ. "ಕಾಲು ಅಲ್ಲಾಡಿಸ್ಬೇಡ, ಮನೆಗೆ ದರಿದ್ರ" ಎನ್ನುತ್ತಿದ್ದಳು ಅವ್ವ. ಅವಳ ಕಣ್ಣು ತಪ್ಪಿಸಿ ಕಾಲು ಅಲ್ಲಾಡಿಸಲು ಭದ್ರಾ ಹೊಳೆಯ ದಂಡೆಗೆ ಹೋಗತೊಡಗಿದೆ. ನಿಂಗಣ್ಣ ಸಿಕ್ಕಿದ್ದು ಅಲ್ಲಿ.

ನಿಂಗಣ್ಣನಿಗೆ ಆಗ ನಲವತ್ತೈದು ಇರಬಹುದು, ಐವತ್ತೂ ಇರಬಹುದು. ಬುಟ್ಟಿ ಹೊತ್ತು ದಂಡೆ ಹತ್ತುವಾಗ ಜಾರಿ ಬಿದ್ದು ಬಲಭುಜ ಕೀಲು ತಪ್ಪಿತ್ತು. ನಾಟಿ ವೈದ್ಯ ಎಳೆದು ಕಟ್ಟಿದ ಮೇಲೆ ಕೈ ಎದೆಯ ಎತ್ತರಕ್ಕೆ ಬಂದು ನಿಂತುಬಿಡುತ್ತಿತ್ತು. ಬಲೆ ಬಿಡಲು, ಎತ್ತಲು ಎಡಗೈ ಹೇಗೋ ಸಾಕಾಗುತ್ತಿತ್ತು. ಹರಿಗೋಲಿಗೆ ಹುಟ್ಟು ಹಾಕಲು ಮಾತ್ರ ಎರಡು ಕೈಯೂ ಬೇಕು. ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡು ಬುಟ್ಟಿ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಅವನು ಅದರ ನೆರಳಲ್ಲಿ ಕೂತು ಹರಿಯದಿದ್ದ ಬಲೆಯನ್ನೇ ಮತ್ತೆ ಮತ್ತೆ ಹೊಲಿಯುತ್ತಿದ್ದ.

"ದೀಪಾವಳಿ ತನಕ ಟೈಮು ಕೊಟ್ಟವ್ನೆ ನನ್ ತಮ್ಮ" ಎಂದ ಒಂದು ದಿನ. "ಅಷ್ಟ್ರಲ್ಲಿ ನೀರಿಗಿಳಿದ್ರೆ ಸರಿ, ಇಲ್ದಿದ್ರೆ ಹರಿಗೋಲು ಅವನಿಗೆ. ನಂಗೆ ಇಟ್ಟಿಗೆ ಗೂಡಿನ ಕಾವಲು ಕೆಲ್ಸ ನೋಡಿದಾನಂತೆ. ಇಟ್ಟಿಗೆ ಎಲ್ಲಿಗೆ ಓಡೋಗುತ್ತೆ ಸ್ವಾಮಿ, ನಾನು ಕಾಯೋಕೆ?"

ನಾನು ಏನೋ ಒಂದು ಮೋಟಾರಿನ ಮಾತಾಡಿದೆ. ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಡೆ ಸಾಹೇಬರೊಬ್ಬರ ಪೆಟ್ರೋಲು ದೋಣಿಯನ್ನು ಅವನೂ ನೋಡಿದ್ದ. "ಅದರ ಸದ್ದಿಗೆ ಮೀನು ಸಮುದ್ರ ಸೇರ್ಕಂತವೆ" ಎಂದ. ಸದ್ದಿಲ್ಲದ್ದು ಬೇಕು ಅಂದರೆ ಕರೆಂಟಿನದು ಬೇಕು. ನನಗೆ ಕೆಲಸ ಸಿಕ್ಕಿತು. ಸಂಬಳವಿಲ್ಲದ್ದು, ಆದರೆ ಸೈರನ್ನು ಕೂಗಿದಾಗ ಎದ್ದು ಹೋಗಬಹುದಾದದ್ದು.

ಮನೆಯಲ್ಲಿ ಗೊತ್ತಾದ ದಿನ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ನಮ್ಮದು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿಯ ಮನೆ. "ಮೀನು ಹಿಡಿಯೋರಿಗೆ ಮಿಷನ್ನು ಮಾಡಿಕೊಡೋಕಾ ನಿನ್ನ ಮೈಸೂರಿಗೆ ಕಳ್ಸಿದ್ದು? ಆ ಪಾಪದಲ್ಲಿ ನಿಂಗೆ ಎಷ್ಟು ಪಾಲು ಅಂತ ಲೆಕ್ಕ ಹಾಕಿದೀಯಾ?" ಅಪ್ಪ ಪತ್ರಿಕೆಯ ಹಿಂದಿನಿಂದ, "ಅವ್ನು ಲೆಕ್ಕದಲ್ಲಿ ಸೆಕೆಂಡ್ ಕ್ಲಾಸು, ಬಿಡು" ಎಂದರು.

ಲೆಕ್ಕ ಹಾಕಿದ್ದೆ ಎಂಬುದು ನಿಜ, ಆದರೆ ಅಶ್ವಶಕ್ತಿಯದು. ಒಂದು ನೋಟುಬುಕ್ಕಿನ ತುಂಬ. ಹರಿಗೋಲಿನ ತೂಕ, ನಿಂಗಣ್ಣನ ತೂಕ, ಹೊಳೆಯ ಸೆಳವು. ಮೀನಿನ ತೂಕವನ್ನು ಮರೆತಿದ್ದೆ ಎಂದು ನೆನಪು. ಅಥವಾ ಇದು ಕಥೆಗೆ ರುಚಿ ಬರಲೆಂದು ಆಮೇಲೆ ನಾನೇ ಸೇರಿಸಿಕೊಂಡದ್ದೋ? ಆ ನೋಟುಬುಕ್ಕು ಈಗ ಇಲ್ಲ. ಇಲ್ಲದ್ದರಿಂದಲೇ ಅದರಲ್ಲಿ ಏನು ಬೇಕಾದರೂ ಇತ್ತು ಎನ್ನಬಹುದು.

ಗಫಾರ್ ಸಾಬರ ಪರಿಚಯ ಹೇಳಬೇಕು. ಶಿವಮೊಗ್ಗದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಲಾರಿಗಳ ವೈರಿಂಗು, ಬ್ಯಾಟರಿ ಕೆಲಸ ಮಾಡುವ ಅಂಗಡಿ ಅವರದು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅಂಗಡಿಯಲ್ಲಿ ಒಂದೇ ಸ್ಟೂಲು. ಅದರ ಮೇಲೆ ಅವರ ಟೀ ಕೂರುತ್ತಿತ್ತು, ಅವರು ನಿಂತಿರುತ್ತಿದ್ದರು. ನಾನು ರೈಲು ಹಿಡಿದು ಭದ್ರಾವತಿಯಿಂದ ಅಲ್ಲಿಗೆ ಹೋಗಿ ನಿಂತಾಗ ಅವರು ಕೇಳಿದ ಮೊದಲ ಮಾತು: "ಏನ್ ಓದಿದೀರಿ?"

"ಬಿಎಸ್ಸಿ. ಫಿಸಿಕ್ಸು."

"ಅಚ್ಛಾ. ಹಂಗಾದ್ರೆ ಆ ಬ್ಯಾಟರಿ ಸ್ವಲ್ಪ ಆ ಕಡೆ ಇಡಿ."

ಎತ್ತಿ ಇಟ್ಟೆ. ಇಂಟರ್ವ್ಯೂಗೆಂದು ಹೊಲಿಸಿದ್ದ ಪ್ಯಾಂಟಿನ ತೊಡೆಯ ಮೇಲೆ ಮೂರು ತೂತು ಬಿದ್ದದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು. ಆಸಿಡ್ಡಿನ ಅಣುಸೂತ್ರ ನನಗೆ ಬಾಯಿಪಾಠವಿತ್ತು. ಅಂದಿನಿಂದ ಅವರಿಗೆ ನಾನು ಬಿಎಸ್ಸಿ ಸಾಬ್. ಅವರ ಬಾಯಿಂದ ಅದು ನಿಂಗಣ್ಣನ ಬಾಯಿಗೂ ಹೋಯಿತು.

ಆರಿಸಲು ನಾಲ್ಕು ಮೋಟಾರುಗಳಿದ್ದವು. ಟೇಬಲ್ ಫ್ಯಾನಿನದು ಮೊದಲು ಬಿದ್ದುಹೋಯಿತು. "ಅದಕ್ಕೆ ಮನೆ ಕರೆಂಟು ಬೇಕು. ಹೊಳೆ ಮಧ್ಯಕ್ಕೆ ಕಂಬ ಹಾಕಿಸ್ತೀರಾ?" ಎಂದರು ಗಫಾರ್ ಸಾಬರು. ಕಾರಿನ ಗಾಜು ಒರೆಸುವ ಮೋಟಾರು ಬ್ಯಾಟರಿಯಲ್ಲೇ ಓಡುತ್ತದೆ, ಆದರೆ ಅದಕ್ಕೆ ಮಳೆಹನಿ ನೂಕುವಷ್ಟೇ ಶಕ್ತಿ. ಉಳಿದದ್ದು ಎರಡು. ಒಂದು ಸ್ಟಾರ್ಟರು. ಲಾರಿಯ ಇಂಜಿನ್ನನ್ನೇ ಒಂದು ಏಟಿಗೆ ಎಬ್ಬಿಸುವ ಭೀಮ. ಇನ್ನೊಂದು ಡೈನಮೋ. ಇಂಜಿನ್ನು ತಿರುಗಿಸಿದರೆ ತಿರುಗಿ ಬ್ಯಾಟರಿಗೆ ಚಾರ್ಜು ಕೊಡುವ, ಬ್ಯಾಟರಿ ಕೊಟ್ಟರೆ ತಾನೇ ಮೋಟಾರಿನಂತೆ ತಿರುಗುವ ಸಾಧು.

ಇಲ್ಲಿ ನನ್ನ ಕಥೆಯಲ್ಲಿ ಗಫಾರ್ ಸಾಬರು ಸ್ಟಾರ್ಟರನ್ನು ಭುಜಕ್ಕೇರಿಸಿ "ಇದೇ ಶೇರ್, ಹುಲಿ!" ಎನ್ನುತ್ತಾರೆ. ನಾನು ನಿಧಾನವಾಗಿ ತಲೆಯಾಡಿಸುತ್ತೇನೆ. ಹುಡುಗರಿಗೆ ಆ ತಲೆಯಾಡಿಸುವುದನ್ನು ಅಭಿನಯಿಸಿಯೂ ತೋರಿಸುತ್ತೇನೆ.

ಹೊಳೆಯಲ್ಲಿ ನಡೆದದ್ದರ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಅದನ್ನು ನೋಡಿದವರು ಸೇತುವೆಯ ಮೇಲೆ ಸಾಲಾಗಿ ನಿಂತಿದ್ದರು. ಹಲಗೆಗೆ ಸ್ಟಾರ್ಟರನ್ನು ಬಿಗಿದು, ಅದಕ್ಕೆ ಉದ್ದನೆಯ ಕಬ್ಬಿಣದ ಸಲಾಕೆ ಸೇರಿಸಿ, ಸಲಾಕೆಯ ತುದಿಗೆ ಫ್ಯಾನಿನ ರೆಕ್ಕೆ ಕತ್ತರಿಸಿ ಕೂರಿಸಿ, ಅದನ್ನು ಹರಿಗೋಲಿನ ಹಿಂದೆ ಕಟ್ಟಿದೆವು. ಹಿಂದೆ ಎಂದರೆ ನಾನು ಹಿಂದೆ ಎಂದು ತೋರಿಸಿದ ಕಡೆ. "ದುಂಡಗಿರೋದಕ್ಕೆ ಹಿಂದೆ ಯಾವುದು ಸ್ವಾಮಿ?" ಎಂದು ನಿಂಗಣ್ಣ ಕೇಳಿದ. ಹಡಗಿನ ಚಿತ್ರಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು, "ನಾವು ಬೆನ್ನು ಮಾಡಿ ಕೂತ ಕಡೆ" ಎಂದೆ.

ನಿಂಗಣ್ಣನನ್ನು ಕೂರಿಸಿಕೊಂಡು ಬ್ಯಾಟರಿಗೆ ವೈರು ತಾಗಿಸಿದೆ. ಹರಿಗೋಲು ಒಂದು ಸಲ ನಡುಗಿತು. ಆಮೇಲೆ ತಿರುಗತೊಡಗಿತು. ಮುಂದಕ್ಕೆ ಒಂದು ಮಾರೂ ಹೋಗಲಿಲ್ಲ; ಬುಗುರಿಯಂತೆ ನಿಂತಲ್ಲೇ ಗಿರ್ರನೆ ತಿರುಗಿತು. ಸೇತುವೆ, ಕಾರ್ಖಾನೆಯ ಚಿಮಣಿ, ನಿಂಗಣ್ಣನ ಹೆಂಡತಿ ಸಣ್ಣಮ್ಮ, ಮತ್ತೆ ಸೇತುವೆ, ಚಿಮಣಿ, ಸಣ್ಣಮ್ಮ. ಪ್ರತಿ ಸುತ್ತಿನಲ್ಲೂ ಸಣ್ಣಮ್ಮ ಒಂದೊಂದು ಮಾತು ಕೂಗುತ್ತಿದ್ದಳು. ಜೋಡಿಸಿದರೆ, "ಇಳೀರೋ... ನಿಮ್ಮ... ಓದಿಗೆ... ಬೆಂಕಿ..." ಎಂದಾಗುತ್ತಿತ್ತು. ಬೆಂಕಿ ಎಂದಾಗಲೇ ಸ್ಟಾರ್ಟರಿನಿಂದ ಹೊಗೆ ಬಂತು. ಸ್ಟಾರ್ಟರಿನ ಕೆಲಸ ಕ್ಷಣಗಳದು. ಬ್ಯಾಟರಿಯನ್ನು ಒಂದೇ ಉಸಿರಿಗೆ ಕುಡಿದು ಇಂಜಿನ್ನು ಎಬ್ಬಿಸಿ ಮಲಗಿಬಿಡಬೇಕು. ಎಬ್ಬಿಸಲು ಇಂಜಿನ್ನೇ ಇಲ್ಲದ ಕಡೆ ಅದು ಕುಡಿಯುತ್ತಲೇ ಹೋಯಿತು, ಸುಟ್ಟಿತು, ಬ್ಯಾಟರಿಯೂ ಸತ್ತಿತು. ನಿಂಗಣ್ಣನ ತಮ್ಮ ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡ. ದೀಪಾವಳಿಗೆ ಮೂರು ವಾರವಿತ್ತು.

ಆ ಸುಟ್ಟ ಸ್ಟಾರ್ಟರನ್ನು ಏನು ಮಾಡಿದೆವೋ ನೆನಪಿಲ್ಲ.

ದಂಡೆಯಲ್ಲಿ ವಾಂತಿ ಮಾಡಿ ಮುಗಿಸಿ ನಿಂಗಣ್ಣ ಹೇಳಿದ: "ಮುಂದಕ್ಕೆ ಕಟ್ಟಿ ಸ್ವಾಮಿ. ಹರಿಗೋಲನ್ನ ಯಾರೂ ಹಿಂದಿನಿಂದ ತಳ್ಳಲ್ಲ. ಮುಂದೆ ಕೂತು ನೀರನ್ನ ನಮ್ಮ ಕಡೆ ಎಳ್ಕೊಂತೀವಿ. ನೀರು ಈ ಕಡೆ ಬಂದ್ರೆ ಹರಿಗೋಲು ಆ ಕಡೆ ಹೋಗುತ್ತೆ."

ಮೂರು ತಿಂಗಳಿಂದ ಆ ದಂಡೆಯಲ್ಲಿ ಕೂತು ದಿನಾ ಹರಿಗೋಲುಗಳನ್ನು ನೋಡಿದ್ದೆ. ಹುಟ್ಟು ಹಾಕುವವನು ಮುಂದೆ ಕೂರುತ್ತಾನೆ ಎಂಬುದು ಕಣ್ಣಿಗೆ ಬಿದ್ದೇ ಇರಲಿಲ್ಲ.

ಮುಂದಿನ ವಾರ ಡೈನಮೋ ತಂದು ಮುಂದಕ್ಕೆ ಕಟ್ಟಿದೆವು. ಸದ್ದಿಲ್ಲ. ಅವಸರವಿಲ್ಲ. ಬಸುರಿ ಎಮ್ಮೆಯ ನಡಿಗೆಯಲ್ಲಿ ಹರಿಗೋಲು ನಿಂಗಣ್ಣನನ್ನು ಕೂರಿಸಿಕೊಂಡು ಮಡುವಿನ ಕಡೆಗೆ ಹೋಯಿತು. ಡೈನಮೋ ಬಿಗಿದ ಹಲಗೆಯನ್ನು ಎಡಗೈಯಿಂದ ಹೊರಳಿಸಿದತ್ತ ತಿರುಗಿತು. ಬ್ಯಾಟರಿ ಚಾರ್ಜು ಮಾಡಿಕೊಡಲು ಪೇಪರ್ ಟೌನಿನ ಕಡೆಯ ಒಬ್ಬ ತಮಿಳು ಲಾರಿ ಡ್ರೈವರು ಒಪ್ಪಿದ, ಭಾನುವಾರದ ಒಂದು ಬಾಳೆಮೀನಿಗೆ. ದೀಪಾವಳಿ ಬಂತು, ಹೋಯಿತು, ಹರಿಗೋಲು ನಿಂಗಣ್ಣನ ಬಳಿಯೇ ಉಳಿಯಿತು. ಸಂಕ್ರಾಂತಿಗೆ ಮೊದಲು ನನಗೆ ಶಿವಮೊಗ್ಗದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ತೂತಿನ ಪ್ಯಾಂಟಿಗೆ ತೇಪೆ ಹಾಕಿಸಿಕೊಂಡೇ ಇಂಟರ್ವ್ಯೂಗೆ ಹೋಗಿದ್ದೆ.

ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಕಳೆದ ವಾರ ಗಫಾರ್ ಸಾಬರು ರವೀಂದ್ರನಗರದ ನಮ್ಮ ಮನೆಗೆ ಮಗಳ ಮದುವೆ ಕಾಗದ ಹಿಡಿದು ಬರದಿದ್ದರೆ. ಗಡ್ಡ ಬೆಳ್ಳಗಾಗಿದೆ. ಟೀ ಕುಡಿಯುವಾಗ ಈಗಲೂ ಕೂರುವುದಿಲ್ಲ. ನಿಂತುಕೊಂಡೇ ನನ್ನ ಮೇಜನ್ನು ನೋಡಿದರು.

"ಇದೇನು ಇಲ್ಲಿ?"

"ಗುರುತು ಸಿಗಲಿಲ್ವಾ ಸಾಬ್ರೇ? ನೀವು ಸುಟ್ಟ ಸ್ಟಾರ್ಟರಿನ ಬ್ರಷ್ಷು" ಎಂದೆ, ಹತ್ತು ವರ್ಷದ ಗೆಲುವಿನ ನಗೆ ನಕ್ಕು.

ಅವರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ವಾಪಸ್ಸು ಇಟ್ಟರು. "ಸ್ಟಾರ್ಟರಿಂದು ಅಲ್ಲ. ಅದರ ಬ್ರಷ್ಷಲ್ಲಿ ತಾಮ್ರ ಇರುತ್ತೆ, ಕೆರೆದ್ರೆ ಕೆಂಪಗೆ ಕಾಣುತ್ತೆ. ಇದು ಪೂರಾ ಕಪ್ಪು. ಡೈನಮೋದು. ಅದೂ ಸುಟ್ಟಿದ್ದಲ್ಲ, ಓಡಿ ಓಡಿ ತೇದಿದ್ದು. ಎರಡು ವರ್ಷ ಆದ್ರೂ ಓಡಿರ್ಬೇಕು."

"ಹಾಗಾದ್ರೆ ಇದು ನನ್ನ ಹತ್ರ ಹೇಗೆ ಬಂತು?"

"ಅದು ನನ್ನ ಕೇಳಿದ್ರೆ? ಬಿಎಸ್ಸಿ ನೀವು."

ನನ್ನ ಕಾಲು ಅಲ್ಲಾಡಲು ಶುರುವಾಯಿತು. ಸ್ಟಾರ್ಟರು ಆರಿಸಿದ್ದು ಯಾರು ಸಾಬ್ರೇ, ನಿಜ ಹೇಳಿ ಎಂದೆ. ಅವರು ಗಡ್ಡ ಕೆರೆದುಕೊಂಡರು. "ಅರೇ, ಯಾರು ಆರಿಸಿದ್ರೇನು ಮಾರಾಯ್ರೆ. ರಿಪೇರಿ ಮಾಡಿದ ಡೈನಮೋನ ಲಾರಿಗೆ ಹಾಕೋ ಮೊದಲು ಬ್ಯಾಟರಿಗೆ ಕೊಟ್ಟು ಮೋಟಾರಿನ ಹಂಗೆ ತಿರುಗಿಸಿ ನೋಡ್ತೀವಲ್ಲ, ತಿರುಗಿದ್ರೆ ಪಾಸು. ದಿನಾ ಮಾಡ್ತೀನಿ ಅದನ್ನ. ನೀವು ಅಲ್ಲೇ ನಿಂತು ನೋಡ್ತಿದ್ರಿ." ಅಷ್ಟು ಹೇಳಿ, "ಮದುವೆಗೆ ಬನ್ನಿ, ನಿಮಗೆ ಬೇರೆ ಅಡುಗೆ ಮಾಡಿಸ್ತೀನಿ" ಎಂದು ಹೊರಟರು.

ಅವರು ಹೋದ ಮೇಲೆ ಬ್ರಷ್ಷನ್ನು ಅಂಗೈಯಲ್ಲಿಟ್ಟುಕೊಂಡು ಕೋಣೆಯಲ್ಲಿ ಓಡಾಡಿದೆ. ಆಗ ಬಂತು ನೆನಪು, ಅದೂ ಅಪ್ಪನ ಬೆರಳುಗಳ ರೂಪದಲ್ಲಿ. ನನಗೆ ಕೆಲಸ ಸಿಕ್ಕ ಎರಡನೆಯ ವರ್ಷ ಅಪ್ಪ ಭದ್ರಾವತಿಯಿಂದ ಬಂದಿದ್ದರು. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಮೀನಿನ ವಾಸನೆ ತಾಗದಂತೆ ತುದಿ ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟಿದ್ದರು. "ಆ ನಿಂಗಣ್ಣ ಕೊಟ್ಟ. ಇಂಥದ್ದೇ ಒಂದು ಜೊತೆ ಬೇಕಂತೆ. ಬೇಗ ಬೇಕಂತೆ." ನಾನು ಆಗಲೂ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹೂಂ ಎಂದು ಪೆನ್ನಿನ ಡಬ್ಬಿಗೆ ಹಾಕಿದ್ದೆ.

ಅಷ್ಟೇ. ಆಮೇಲೆ ಅಪ್ಪ ರಿಟೈರಾಗಿ ಊರು ಬಿಟ್ಟರು, ನಾನು ಭದ್ರಾವತಿಗೆ ಹೋಗಲಿಲ್ಲ. ಒಬ್ಬ ಮನುಷ್ಯ ಕಳಿಸಿದ್ದ ಬೇಡಿಕೆಯನ್ನು ನಾನು ಎಂಟು ವರ್ಷ ನನ್ನ ಬುದ್ಧಿವಂತಿಕೆಯ ಪದಕವೆಂದು ಹುಡುಗರಿಗೆ ತೋರಿಸಿದ್ದೆ. ಈ ನೆನಪಾದರೂ ನಿಜವೇ? ಅಪ್ಪ "ಬೇಗ" ಎಂದಿದ್ದರೇ, ಅಥವಾ ನನ್ನನ್ನು ಚುಚ್ಚಿಕೊಳ್ಳಲು ನಾನೇ ಈಗ ಸೇರಿಸುತ್ತಿದ್ದೇನೆಯೇ? ಇಟ್ಟಿಗೆ ಗೂಡಿನ ಬಾಗಿಲಲ್ಲಿ ಕೋಲು ಹಿಡಿದು ಕೂತ ನಿಂಗಣ್ಣ ಮಾತ್ರ ಬಹಳ ಸ್ಪಷ್ಟವಾಗಿ ಕಾಣತೊಡಗಿದ. ನೋಡದೆ ಇರುವುದನ್ನು ಅಷ್ಟು ಸ್ಪಷ್ಟವಾಗಿ ಕಾಣುವುದು ನನ್ನ ಮಿದುಳಿನ ಹಳೆಯ ಚಾಳಿ.

ಮರುದಿನ ಗಫಾರ್ ಸಾಬರ ಅಂಗಡಿಯಿಂದ ಹೊಸ ಬ್ರಷ್ಷಿನ ಜೊತೆಯೊಂದನ್ನು ತೆಗೆದುಕೊಂಡು, ಭಾನುವಾರ ಭದ್ರಾವತಿಯ ರೈಲು ಹತ್ತಿದೆ. ಒಂದು ಗಂಟೆಯ ದಾರಿಯಲ್ಲಿ ನಾಲ್ಕು ಸಲ ಜಾಗ ಬದಲಿಸಿದೆ. ಎದುರಿಗೆ ಕೂತಿದ್ದವರು, "ಬೆನ್ನು ನೋವಾ?" ಎಂದು ಕೇಳಿದರು.

ದಂಡೆಯಲ್ಲಿ ಸಣ್ಣಮ್ಮ ಬಟ್ಟೆ ಒಗೆಯುತ್ತಿದ್ದಳು. ತಲೆಯೆತ್ತಿ ನೋಡಿ, ಮತ್ತೆರಡು ಸಲ ಬಟ್ಟೆ ಬಡಿದು, ಆಮೇಲೆ ಗುರುತು ಹಿಡಿದಳು.

"ಓಹೋ, ಬಂದ್ರಾ! ದಪ್ಪ ಆಗಿದೀರಿ."

"ನಿಂಗಣ್ಣ ಎಲ್ಲಿ?" ಎಂದೆ. ಅವಳು ಒದ್ದೆ ಕೈಯಿಂದ ಹೊಳೆಯ ಕಡೆ ತೋರಿಸಿದಳು.

ಹರಿಗೋಲು ಬರುತ್ತಿತ್ತು. ಅದೇ ಬಸುರಿ ಎಮ್ಮೆಯ ನಡಿಗೆ. ನಿಂಗಣ್ಣ ಎಡಗೈಯನ್ನು ಹಲಗೆಯ ಮೇಲಿಟ್ಟು ಬಲಗೈಯನ್ನು ಮಡಿಲಲ್ಲಿ ಬೆಕ್ಕಿನಂತೆ ಮಲಗಿಸಿಕೊಂಡು ಕೂತಿದ್ದ. ಅವನ ಮುಂದೆ ಡೈನಮೋ ತಿರುಗುತ್ತಿತ್ತು.

ನಾನು ಹೊಸ ಬ್ರಷ್ಷಿನ ಪೊಟ್ಟಣ ಬಿಚ್ಚಿ, ಮರೆತೆ ನಿಂಗಣ್ಣ, ತಪ್ಪಾಯ್ತು ಎಂದೆ. ಅವನು ಪೊಟ್ಟಣದೊಳಗೆ ಇಣುಕಿದ.

"ಓ, ಅದಾ! ಒಂದು ತಿಂಗ್ಳು ಕಾದೆ. ಆಮೇಲೆ ಬ್ಯಾಟರಿ ಚಾರ್ಜು ಮಾಡ್ತಿದ್ದ ಡ್ರೈವರ್ರು ಹೇಳ್ಕೊಟ್ಟ. ಟಾರ್ಚಿನ ಹಳೇ ಸೆಲ್ಲು ಒಡೆದ್ರೆ ಒಳಗೆ ಕರೀ ಕಡ್ಡಿ ಇರುತ್ತಲ್ಲ, ಅದನ್ನ ಆ ಬಟ್ಟೆ ಒಗೆಯೋ ಕಲ್ಲಿಗೆ ತೇದು ಕೂರಿಸ್ಕೊಂತೀನಿ. ಬೇಗ ಸವೀತದೆ, ಆದ್ರೆ ಸೆಲ್ಲಿಗೇನು ಬರವಾ?" ನಂತರ ನನ್ನ ಮುಖ ನೋಡಿ, ಸಮಾಧಾನ ಮಾಡುವ ದನಿಯಲ್ಲಿ, "ಮೊದಲು ತೇದ ಎರಡು ಜೊತೆ ಅಳತೆ ತಪ್ಪಿ ಹಾಳಾಯ್ತು ಅಷ್ಟೆ. ಡೈನಮೋದಲ್ಲಿದ್ದ ಹಳೇವೆರಡ್ರಲ್ಲಿ ಒಂದು ಪುಡಿಯಾಗಿತ್ತು, ಅಳತೆ ನೋಡ್ಕಳಕೆ ಇದ್ದ ಇನ್ನೊಂದನ್ನ ನಿಮಗೆ ಕಳ್ಸಿಬಿಟ್ಟಿದ್ನಲ್ಲ" ಎಂದ.

ಜೇಬಿನಲ್ಲಿ ಹಳೆಯದೂ ಇತ್ತು. ಕೊಟ್ಟೆ. ಅವನು ಅದನ್ನು ಹೊಸದರ ಪಕ್ಕ ಹಿಡಿದು ಅಳತೆ ನೋಡಿ, ಮೂರನ್ನೂ ತಲೆವಸ್ತ್ರದ ತುದಿಗೆ ಕಟ್ಟಿಕೊಂಡ. "ಹತ್ತಿ ಸ್ವಾಮಿ, ಮಡುವಿನಲ್ಲಿ ಬಲೆ ನೋಡ್ಕಂಡು ಬರಾಣ" ಎಂದ.

ಹತ್ತಿದೆ. ನೀರು ಚರ್ಮದ ಕೆಳಗೆ ಪಿಸುಗುಟ್ಟುತ್ತಿತ್ತು, ಬೇರೆ ಸದ್ದಿಲ್ಲ. ಕೇಳಲೇಬೇಕೆಂದಿದ್ದ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು: ಆವತ್ತು ಸ್ಟಾರ್ಟರು ಬೇಕೆಂದವರು ಯಾರು? ಮಡು ಬಂತು. ನಿಂಗಣ್ಣ ವೈರು ಬಿಡಿಸಿದ. ಹರಿಗೋಲು ಸೆಳವಿಗೆ ಮೆಲ್ಲಗೆ ಜಾರತೊಡಗಿತು.

"ಆ ಬಿಎಸ್ಸಿನ ನೀರಿಗೆ ಬಿಡಿ" ಎಂದ.

"ಯಾವುದನ್ನ?"

ನಿಂಗಣ್ಣ ನಾಲಿಗೆ ಕಚ್ಚಿಕೊಂಡ. ನನ್ನ ಕಾಲ ಬುಡದಲ್ಲಿ ಹಗ್ಗದ ಸುರುಳಿಯಿತ್ತು, ಅದರ ತುದಿಗೆ ತುಕ್ಕು ಹಿಡಿದ ಕಬ್ಬಿಣದ ಉಂಡೆ. ಬಗ್ಗಿ ನೋಡಿದರೆ ಸ್ಟಾರ್ಟರು. ಹತ್ತು ವರ್ಷದ ಹಿಂದೆ ಹೊಗೆಯಾಡಿ ಸತ್ತದ್ದು.

"ತಪ್ಪು ತಿಳ್ಕಬೇಡಿ. ಮನೇಲೆಲ್ಲ ಹಂಗೇ ಕರೆದು ಅಭ್ಯಾಸ ಆಗಿದೆ. ಗಫಾರ್ ಸಾಬ್ರು ಬ್ಯಾಡ ಬ್ಯಾಡ, ಡೈನಮೋ ಹಾಕಿ ಅಂತಿದ್ರೂ ಇದೇ ಬೇಕು ಅಂತ ನೀವು ಎತ್ಕೊಂಡು ಬಂದ್ರಲ್ಲ, ಅದಕ್ಕೆ. ಒಳ್ಳೇ ಭಾರ ಇದೆ. ಎಂಥಾ ಸೆಳವಿದ್ರೂ ಹರಿಗೋಲು ಅಲ್ಲಾಡಲ್ಲ."

ಎರಡು ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟೆ. ಹಗ್ಗ ನನ್ನ ಬೆರಳ ಸಂದಿಯಿಂದ ಸರಸರನೆ ಓಡಿತು, ತಳ ಮುಟ್ಟಿತು, ಬಿಗಿಯಿತು. ಹರಿಗೋಲು ನಿಂತಿತು. ನಿಂಗಣ್ಣ ಎಡಗೈಯಿಂದ ಬಲೆ ಎಳೆಯತೊಡಗಿದ.

"ಕಾಲು ಅಲ್ಲಾಡಿಸ್ಬೇಡಿ ಸ್ವಾಮಿ" ಎಂದ, ನನ್ನ ಕಡೆ ನೋಡದೆ. "ಮೀನು ಹೆದರ್ತವೆ."